ಹಿಂದಕ್ಕೆ ಮೂರು ಹೆಜ್ಜೆ

ಹೋದ ವಾರ ಹೊಸಪೇಟೆಯ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರೊಬ್ಬರು ನನ್ನನ್ನು ನೋಡಲು ಮನೆಗೆ ಬಂದಿದ್ದರು. ಚಹಾ ಕುಡಿಯುತ್ತ ಒಂದು ಮಾತು ಕೇಳಿದರು. ಸ್ಕಿಜೋಫ್ರೇನಿಯಾ ಕಾಯಿಲೆಗೆ ರಕ್ತದಲ್ಲೋ ಮೂತ್ರದಲ್ಲೋ ಖಚಿತವಾದ ಗುರುತು ಇಷ್ಟರಲ್ಲೇ ಸಿಗುತ್ತದಂತೆ, ನಿಮ್ಮ ಕಾಲದಲ್ಲಿ ಏನನ್ನು ನೋಡಿ ತೀರ್ಮಾನ ಮಾಡುತ್ತಿದ್ದಿರಿ ಎಂದು. ಸಿಕ್ಕರೆ ಬಹಳ ಸಂತೋಷ ಎಂದೆ. ನಾನು ಓದುವಾಗಲೂ ಇಷ್ಟರಲ್ಲೇ ಸಿಗುತ್ತದೆಂದು ನಮ್ಮ ಮೇಷ್ಟ್ರು ಹೇಳಿದ್ದರು. ಎರಡನೆಯ ಪ್ರಶ್ನೆಗೆ ಮಾತ್ರ ನಾನು ಕೊಟ್ಟ ಉತ್ತರದಿಂದ ನನಗೇ ಸಮಾಧಾನವಾಗಲಿಲ್ಲ. ಅವರು ಹೋದ ಮೇಲೆ ಕುಳಿತು ಬರೆಯತೊಡಗಿದೆ. ಈ ಕೆಲಸಕ್ಕೆ ಬರುವ ಇತರರೂ ಓದಲಿ.

ನಾನು ಕಂಪ್ಲಿಯವನು. ನಮ್ಮಪ್ಪ ಅಲ್ಲಿ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಹೆಸರು ಬರೆಯಲು ಕಲಿತವರೂ ಇರಲಿಲ್ಲ. ಬಳ್ಳಾರಿಯಲ್ಲಿ ಮಠದ ಊಟ ಮಾಡಿ, ಮದರಾಸಿನಲ್ಲಿ ಉಳ್ಳವರ ಮಕ್ಕಳಿಗೆ ಪಾಠ ಹೇಳಿ, ಒಂದು ವರ್ಷ ನಪಾಸಾಗಿ, ಮತ್ತೆ ಕುಳಿತು, ಎಂ.ಬಿ.ಬಿ.ಎಸ್. ಮುಗಿಸಿದೆ. ಪದವಿಪತ್ರ ತಂದು ತೋರಿಸಿದ ದಿನ ಅಪ್ಪ ಹೊಳೆಯಿಂದ ಬಂದಿದ್ದ. ಕೈ ಒದ್ದೆ ಇದೆ ಎಂದು ಅದನ್ನು ಮುಟ್ಟಲಿಲ್ಲ. ನನ್ನ ಕೈಯಲ್ಲೇ ಹಿಡಿಸಿ ದೂರ ನಿಂತು ನೋಡಿದ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಮುಂದೆ ನಾನು ಮಾಡಿದ ತಪ್ಪಿನಲ್ಲಿ ಈ ಹೆಮ್ಮೆಯ ಪಾಲೂ ಇದೆ, ಅದಕ್ಕಾಗಿ ಮೊದಲೇ ಹೇಳಿದೆ.

ಕೆಲಸಕ್ಕೆ ಸೇರಿದ್ದು ಹೊಸಪೇಟೆಯ ಸರಕಾರಿ ಆಸ್ಪತ್ರೆಗೆ. ಆಗಿನ್ನೂ ಮದರಾಸು ಪ್ರೆಸಿಡೆನ್ಸಿಯ ಆಳ್ವಿಕೆ. ಸುತ್ತಲಿನ ಹಳ್ಳಿಗಳಿಗೆಲ್ಲ ಅದೊಂದೇ ದೊಡ್ಡ ಆಸ್ಪತ್ರೆ. ನನಗಿಂತ ಮೊದಲಿನಿಂದ ಅಲ್ಲಿದ್ದವರು ಕಾಂಪೌಂಡರ್ ಖಾದರ್ ಸಾಹೇಬರು. ಔಷಧಿ ಕಲಸುತ್ತಲೇ ರೋಗಿಯ ಮನೆತನ, ಜಗಳ, ಬೆಳೆ, ಎಲ್ಲವನ್ನೂ ವಿಚಾರಿಸುವವರು. ನಾನು ಕಾಲೇಜಿನಲ್ಲಿ ಕಲಿತದ್ದು ಎಷ್ಟೋ, ಅವರ ಪಕ್ಕದಲ್ಲಿ ನಿಂತು ಕಲಿತದ್ದೂ ಅಷ್ಟೇ.

ಹುಚ್ಚು ಹಿಡಿದಿದೆ ಎಂದು ಕರೆತಂದವರನ್ನು ಹತ್ತು ದಿನ ವಾರ್ಡಿನಲ್ಲಿಟ್ಟುಕೊಂಡು ನೋಡುವುದು ನಮ್ಮ ಕೆಲಸಗಳಲ್ಲಿ ಒಂದು. ಮದರಾಸಿನ ಮಾನಸಿಕ ಆಸ್ಪತ್ರೆಗೆ ಕಳಿಸಬೇಕಾದರೆ ಮ್ಯಾಜಿಸ್ಟ್ರೇಟರ ಹುಕುಂ ಬೇಕು, ಹುಕುಮಿಗೆ ನಮ್ಮ ಸರ್ಟಿಫಿಕೇಟು ಬೇಕು. ಆ ಫಾರಮ್ಮಿನಲ್ಲಿ ಎರಡು ಭಾಗಗಳಿದ್ದವು. ಮೇಲಿನದು, ಈತನಿಗೆ ಬುದ್ಧಿಭ್ರಮಣೆಯಾಗಿದೆ ಎನ್ನಲು ವೈದ್ಯನಾದ ನಾನೇ ಕಣ್ಣಾರೆ ಕಂಡ ಸಂಗತಿಗಳು. ಕೆಳಗಿನದು, ಬೇರೆಯವರು ನನಗೆ ಹೇಳಿದ ಸಂಗತಿಗಳು, ಹೇಳಿದವರ ಹೆಸರು ಸಮೇತ. ಎರಡನ್ನೂ ಕಲಬೆರಕೆ ಮಾಡುವಂತಿರಲಿಲ್ಲ. ಅಂಥ ಫಾರಂ ಬರೆದವನು ಯಾರೋ ಗೊತ್ತಿಲ್ಲ, ತಿಳಿದವನೇ ಇರಬೇಕು.

ನಮ್ಮ ಮೇಲಧಿಕಾರಿ ಬಳ್ಳಾರಿಯಲ್ಲಿದ್ದ ಜಿಲ್ಲಾ ವೈದ್ಯಾಧಿಕಾರಿ ವರದಾಚಾರ್ಯರು. ತಂಜಾವೂರಿನ ಕಡೆಯವರು, ನಮ್ಮೊಂದಿಗೆ ಮಾತೆಲ್ಲ ಇಂಗ್ಲಿಷಿನಲ್ಲೇ. ನಗುವುದನ್ನು ನಾನು ಕಂಡಿಲ್ಲ. ತಪಾಸಣೆಗೆ ಬಂದ ಮೊದಲ ದಿನವೇ ಒಂದು ಪಾಠ ಹೇಳಿದರು. ಮನಸ್ಸಿನ ಕಾಯಿಲೆ ಎಂದು ಬರೆಯುವ ಮೊದಲು ಮೈಯನ್ನು ನೋಡಿ ಮುಗಿಸಬೇಕು. ಕಣ್ಣಿನ ಪಾಪೆ, ನಾಲಿಗೆ, ಮುಂಗೈ ಚರ್ಮ, ಮೊಣಕಾಲಿಗೆ ಸುತ್ತಿಗೆಯ ಏಟು, ಕೊನೆಗೆ ನಡಿಗೆ. ಇವುಗಳಲ್ಲಿ ಯಾವುದೂ ಬೇರೆ ಕಾಯಿಲೆಯನ್ನು ತೋರಿಸದಿದ್ದರೆ ಮಾತ್ರ ಮನಸ್ಸಿಗೆ ಬನ್ನಿ ಎನ್ನುತ್ತಿದ್ದರು. ಆಗ ಸ್ಕಿಜೋಫ್ರೇನಿಯಾ ಎಂಬ ಹೆಸರು ಹೊಸದು. ಹಳಬರೆಲ್ಲ ಡಿಮೆನ್ಷಿಯಾ ಪ್ರೀಕಾಕ್ಸ್ ಎಂದೇ ಬರೆಯುತ್ತಿದ್ದರು. ಹೆಸರು ಯಾವುದಾದರೂ, ಇದೇ ಎಂದು ಹೇಳುವ ಗುರುತು ಮೈಯಲ್ಲಿ ಇರಲಿಲ್ಲ. ಇದಲ್ಲ ಎಂದು ಹೇಳುವ ಗುರುತುಗಳು ಮಾತ್ರ ಬೇಕಾದಷ್ಟಿದ್ದವು.

ಆ ಗುರುತುಗಳಿಂದಾಗಿ ಹುಚ್ಚರೆಂಬ ಹೆಸರಿನಿಂದ ಉಳಿದುಕೊಂಡವರು ಅನೇಕರು. ಹಂಪಿಗೆ ಬಂದ ಮೂವರು ಯಾತ್ರಿಕರನ್ನು ಒಮ್ಮೆ ಗಾಡಿಯಲ್ಲಿ ಹಗ್ಗ ಕಟ್ಟಿ ತಂದರು. ಗಾಳಿಯಲ್ಲಿ ನೂಲು ಹಿಡಿದು ಎಳೆದಂತೆ ಕೈಯಾಡಿಸುತ್ತಿದ್ದರು, ಗೋಡೆಯ ಜೊತೆ ಜಗಳವಾಡುತ್ತಿದ್ದರು. ಪಾಪೆ ನೋಡಿದರೆ ಕಣ್ಣು ತುಂಬ ಹರಡಿಕೊಂಡಿದೆ, ದೀಪ ಹಿಡಿದರೂ ಕುಗ್ಗುವುದಿಲ್ಲ. ಯಾರೋ ಅಡುಗೆಯಲ್ಲಿ ದತ್ತೂರಿ ಬೀಜ ಬೆರೆಸಿ ಗಂಟು ಹೊತ್ತುಕೊಂಡು ಹೋಗಿದ್ದರು. ಮೂರನೆಯ ದಿನ ಮೂವರೂ ನನಗೆ ಕೈಮುಗಿದು ಊರಿಗೆ ಹೋದರು. ಕಂಪ್ಲಿಯ ಒಬ್ಬ ವ್ಯಾಪಾರಸ್ಥ ತಾನೇ ಆನೆಗೊಂದಿಯ ರಾಜನೆಂದು ಹೇಳಿಕೊಳ್ಳುತ್ತಿದ್ದ. ಅವನ ಪಾಪೆ ಸಣ್ಣದಾಗಿ ಅಂಕುಡೊಂಕಾಗಿತ್ತು. ರಕ್ತ ತೆಗೆದು ಸೀಸೆಗೆ ಅರಗು ಹಾಕಿ ರೈಲಿನಲ್ಲಿ ಮದರಾಸಿಗೆ ಕಳಿಸಿದೆವು. ಹಳೆಯ ಗುಹ್ಯರೋಗ ಮೆದುಳಿಗೆ ಏರಿದೆ ಎಂದು ಉತ್ತರ ಬಂತು.

ನಗೆಪಾಟಲಾದದ್ದೂ ಉಂಟು. ಒಬ್ಬ ಕಬ್ಬಿನ ರೈತನಿಗೆ, ಇವತ್ತು ಏನು ತಾರೀಖು ಎಂದು ಪುಸ್ತಕದಲ್ಲಿ ಹೇಳಿದಂತೆ ಕೇಳಿದೆ. ಅವನು ಚೌತಿ ಎಂದ. ದಿನದ ಅರಿವಿಲ್ಲ ಎಂದು ಬರೆದುಕೊಂಡೆ. ಔಷಧಿ ಅರೆಯುತ್ತಿದ್ದ ಖಾದರ್ ಸಾಹೇಬರು ತಲೆ ಎತ್ತದೆ ಅಂದರು, “ಡಾಕ್ಟರ್ ಸಾಬ್, ಇವತ್ತು ಚೌತಿ ಖರೇ ಐತ್ರಿ. ನಿಮಗ ಗೊತ್ತಿಲ್ಲಂದ್ರ ಅವನ್ನ ಯಾಕ ಹುಚ್ಚ ಅಂತೀರಿ?” ಬರೆದದ್ದನ್ನು ಹೊಡೆದು ಹಾಕಿದೆ. ಆ ಕಾಗದ ಬಹಳ ದಿನ ನನ್ನ ಮೇಜಿನಲ್ಲಿತ್ತು.

ಇಷ್ಟೆಲ್ಲ ಕಲಿತ ಮೇಲೆಯೇ ದುರುಗಪ್ಪ ಬಂದ.

ಕಮಲಾಪುರದವನು, ಮೂವತ್ತರ ಆಸುಪಾಸು. ಪೊಲೀಸಿನವನೊಬ್ಬ ಕೈಗೆ ಹಗ್ಗ ಕಟ್ಟಿ ತಂದಿದ್ದ. ಹಣೆಯ ಮೇಲೆ ಒಡೆದ ಗಾಯ. ಅವನ ಅಣ್ಣ ಸತ್ತಿದ್ದನಂತೆ. ಹೆಣದ ಮುಂದೆ ಎಲ್ಲರೂ ಅಳುತ್ತಿದ್ದಾಗ ದುರುಗಪ್ಪ ನಕ್ಕನಂತೆ. ಸುಮ್ಮನಿರು ಎಂದಷ್ಟೂ ಹೆಚ್ಚಾಗಿ ನಕ್ಕನಂತೆ. ಮಣ್ಣು ಮಾಡುವಲ್ಲಿಯೂ ನಿಲ್ಲಿಸಲಿಲ್ಲವಂತೆ. ಅಣ್ಣನ ಮಕ್ಕಳು ಬಡಿದು ಹಾಕಿ, ಊರಲ್ಲಿ ಇವನನ್ನು ಇಟ್ಟುಕೊಳ್ಳುವುದು ಸಾಧ್ಯವಿಲ್ಲವೆಂದು ಮ್ಯಾಜಿಸ್ಟ್ರೇಟರ ಬಳಿ ಅರ್ಜಿ ಕೊಟ್ಟಿದ್ದರು.

ಹತ್ತು ದಿನ ನೋಡಿದೆ. ಮುಖ ಮುಖವಾಡದ ಹಾಗೆ, ಒಂದು ಗೆರೆ ಅಲುಗುವುದಿಲ್ಲ. ಕೇಳಿದ್ದಕ್ಕೆ ಉತ್ತರವಿಲ್ಲ, ತುಟಿ ಮಾತ್ರ ಸ್ವಲ್ಪ ಅಲುಗಿ ನಿಲ್ಲುತ್ತದೆ. ಕೂರಿಸಿದಲ್ಲಿ ಕೂರುತ್ತಾನೆ. ಇದ್ದಕ್ಕಿದ್ದಂತೆ ನಗು, ಆ ನಗು ಬಂದಾಗ ಕಣ್ಣಲ್ಲಿ ನೀರು. ಪುಸ್ತಕ ತೆರೆದರೆ ಪುಟದಲ್ಲಿದ್ದವನು ಎದ್ದು ಬಂದು ಮುಂದೆ ಕೂತಂತಿದ್ದ. ಮನಸ್ಸಿನ ಭಾವನೆಗೂ ಮುಖದ ಭಾವಕ್ಕೂ ಸಂಬಂಧ ಕಡಿದುಹೋಗುವುದು ಆ ಕಾಯಿಲೆಯ ದೊಡ್ಡ ಲಕ್ಷಣವೆಂದು ಓದಿದ್ದೆ. ಪಾಪೆ ಸರಿ ಇತ್ತು, ನಾಲಿಗೆ ಚರ್ಮ ಸರಿ ಇದ್ದವು, ರಕ್ತವೂ ಸರಿ ಬಂತು. ನಡಿಗೆ? ಹಾಸಿಗೆಯಿಂದ ಕಿಟಕಿಯತನಕ ನಡೆಸಿದೆ. ಬಿಗಿಯಾಗಿ, ಮುಂಗಾಲ ಮೇಲೆ ನಡೆದ. ಹೊಡೆತ ತಿಂದಿದ್ದಾನೆ, ನೋವಿರಬೇಕು ಎಂದುಕೊಂಡೆ.

ಅವನ ಹೆಂಡತಿ ಹುಲಿಗೆವ್ವ ದಿನಾಲೂ ಕಮಲಾಪುರದಿಂದ ರೊಟ್ಟಿ ಕಟ್ಟಿಕೊಂಡು ನಡೆದು ಬರುತ್ತಿದ್ದಳು. ವಾರ್ಡಿನ ಹೊರಗೆ ಬೇವಿನ ಗಿಡದ ಕೆಳಗೆ ಕೂತು, ನಾನು ಹೊರಬಂದರೆ ಎದ್ದು ನಿಲ್ಲುತ್ತಿದ್ದಳು. ಏಳೆಂಟನೆಯ ದಿನ ನಾನು ಕೇಳದೆಯೇ ಹೇಳಿದಳು.

“ಯಪ್ಪಾ, ಇವಗ ಹುಚ್ಚಲ್ರಿ. ಇವನ್ನ ಪಂಪಾಪತಿ ನೂಕ್ಯಾನ್ರಿ.”

ಏನು ಹಾಗೆಂದರೆ ಎಂದೆ. ಹಿಂದಿನ ವರ್ಷ ಹಂಪಿಗೆ, ಪಂಪಾಪತಿ ದೇವರ ದರ್ಶನಕ್ಕೆ ಹೋಗಿದ್ದರಂತೆ. ನಮ್ಮ ಕಡೆ ದೇವರಿಗೆ ಬೆನ್ನು ತೋರಿಸುವುದಿಲ್ಲ. ಕೈ ಮುಗಿದುಕೊಂಡೇ ಹಿಂದೆ ಹಿಂದೆ ಸರಿದು ಹೊಸ್ತಿಲು ದಾಟುತ್ತಾರೆ. ಹಾಗೆ ಸರಿಯುವಾಗ ದುರುಗಪ್ಪ ಎರಡನೆಯ ಹೆಜ್ಜೆಗೇ ಮರದ ಕೊರಡಿನಂತೆ ಹಿಂದಕ್ಕೆ ಬಿದ್ದನಂತೆ. ಮತ್ತೆ ಎಬ್ಬಿಸಿ ನಿಲ್ಲಿಸಿದರೆ ಮತ್ತೆ ಬಿದ್ದನಂತೆ. ಜನ ಸೇರಿ, ಇವನ ದರ್ಶನ ದೇವರಿಗೆ ಬೇಡವಾಗಿದೆ, ಎದೆಗೆ ಕೈಕೊಟ್ಟು ನೂಕಿದ್ದಾನೆ ಎಂದರಂತೆ. ಅಂದಿನಿಂದ ಅವನು ಕುಗ್ಗಿಹೋದನಂತೆ.

“ಮೂರು ಹೆಜ್ಜಿ ಹಿಂದಕ್ಕ ಇಡಾಕ ಬಿಡವಲ್ಲ ನೋಡ್ರಿ ಆ ದೇವ್ರು. ಮುಂದಕ್ಕ ನಡೀತಾನ. ಹಿಂದಕ್ಕ ಅಂದ್ರ ಬೀಳ್ತಾನ. ಅದನ್ನಷ್ಟು ಬರ್ಕೊಳ್ರಿ.”

ನಾನು ಬರೆದುಕೊಳ್ಳಲಿಲ್ಲ. ಕಾರಣವನ್ನು ಇದ್ದಂತೆ ಹೇಳುತ್ತೇನೆ. ಅವಳು ಆಡಿದ್ದು ನನ್ನ ತಾಯಿಯ ಮಾತು. ನನಗೆ ಜ್ವರ ಬಂದರೂ ನನ್ನ ತಾಯಿ ಯಾವುದೋ ದೇವರ ಮುನಿಸೇ ಎನ್ನುತ್ತಿದ್ದಳು. ಆ ಮಾತುಗಳಿಂದ ದೂರ ಬರಲು ನಾನು ಹದಿನೈದು ವರ್ಷ ಬೆವರು ಹರಿಸಿದ್ದೆ. ದೇವರು ನೂಕಿದ ಎಂದು ಸರಕಾರಿ ಫಾರಮ್ಮಿನಲ್ಲಿ ಇಂಗ್ಲಿಷಿನಲ್ಲಿ ಬರೆದು ವರದಾಚಾರ್ಯರ ಮೇಜಿಗೆ ಕಳಿಸಿದರೆ, ಹರಿಗೋಲಿನವನ ಮಗ ಎಷ್ಟು ಓದಿದರೇನು ಎಂದು ಅವರು ಅಂದುಕೊಂಡಾರು ಎಂಬ ಅಂಜಿಕೆ. ಕೆಳಗಿನ ಭಾಗದಲ್ಲಿ ಅಣ್ಣನ ಮಕ್ಕಳು ಅರ್ಜಿಯಲ್ಲಿ ಹೇಳಿದ್ದನ್ನೂ ಮತ್ತೆ ಬರೆಯಲಿಲ್ಲ, ಮೇಲಿನದೇ ಸಾಕೆನಿಸಿತು. ಅದನ್ನು ಖಾಲಿ ಬಿಟ್ಟು ಗೀಟು ಎಳೆದೆ. ಉದ್ಯೋಗ ಎಂಬಲ್ಲಿ ಕೂಲಿ ಎಂದು ಬರೆದೆ. ಸಹಿ ಮಾಡಿದೆ.

ಕರೆದುಕೊಂಡು ಹೋಗುವ ದಿನ ಹುಲಿಗೆವ್ವ ರೈಲು ಸ್ಟೇಷನ್ನಿಗೆ ಬಂದಿದ್ದಳು. ನಾನೇ ನೋಡ್ಕೊಂತೀನಿ, ಬಿಟ್ಟು ಹೋಗ್ರಿ ಎಂದು ಪೊಲೀಸಿನವನನ್ನು ಕೇಳಿದಳಂತೆ. ಹುಕುಂ ಆಗಿದೆ, ನನ್ನ ಕೈಯಲ್ಲಿಲ್ಲ ಎಂದನಂತೆ. ಇದು ಖಾದರ್ ಸಾಹೇಬರು ಹೇಳಿ ನನಗೆ ಗೊತ್ತಾದದ್ದು. ನಾನು ಹೋಗಿರಲಿಲ್ಲ.

ಒಂದು ವರ್ಷಕ್ಕೂ ಮೇಲಾಯಿತು. ಸೊಂಡೂರಿನ ಸೀಮೆಯಲ್ಲಿ ಕಾಲರಾ ಕಾಣಿಸಿತು. ಸೊಂಡೂರು ಬೇರೆ ಸಂಸ್ಥಾನ, ಆದರೆ ರೋಗಕ್ಕೆ ಗಡಿ ಇಲ್ಲವಲ್ಲ. ಅಲ್ಲಿಯವರು ಕೇಳಿಕೊಂಡದ್ದರಿಂದ ಚುಚ್ಚುಮದ್ದು ಹಾಕಲು ನನ್ನನ್ನೂ ಖಾದರ್ ಸಾಹೇಬರನ್ನೂ ಕಳಿಸಿದರು. ಮ್ಯಾಂಗನೀಸ್ ಗಣಿಯೊಂದರ ಬಳಿ, ಗುಡ್ಡದ ಇಳಿಜಾರಿನಲ್ಲಿ ಕೂಲಿಯವರ ಗುಡಿಸಲುಗಳ ಮುಂದೆ ಮೇಜು ಹಾಕಿಕೊಂಡು ಕೂತೆವು. ಅಲ್ಲಿನವರ ಕೂದಲು, ಹುಬ್ಬು, ಉಗುರು ಎಲ್ಲ ಕಾಡಿಗೆ ಬಳಿದಂತೆ ಕಪ್ಪು. ಸಾಲು ಉದ್ದವಿತ್ತು. ಸೂಜಿ ಚುಚ್ಚುವುದು, ಹಿಂದಕ್ಕೆ ಸರೀರಿ ಎನ್ನುವುದು, ಮುಂದಿನವನನ್ನು ಕರೆಯುವುದು, ಹೀಗೆ ಸಾಗಿತ್ತು.

ಒಬ್ಬ ನಡುವಯಸ್ಸಿನವನು ಬಂದ. ಚುಚ್ಚಿಸಿಕೊಂಡ. ಹಿಂದಕ್ಕೆ ಸರೀರಿ ಎಂದೆ. ಒಂದು ಹೆಜ್ಜೆ ಇಟ್ಟ, ಎರಡನೆಯದಕ್ಕೆ ಮರದ ಕೊರಡಿನಂತೆ ಅಂಗಾತ ಬಿದ್ದ. ಸಾಲಿನಲ್ಲಿದ್ದವರು ನಕ್ಕರು. ಬಿದ್ದವನೂ ಮಲಗಿದಲ್ಲೇ ನಗತೊಡಗಿದ. ಮುಖದಲ್ಲಿ ಒಂದು ಗೆರೆಯೂ ಅಲುಗದ ನಗು, ಕಣ್ಣಲ್ಲಿ ನೀರು.

ಮೇಸ್ತ್ರಿ ಬಂದು ಅವನನ್ನು ಎಬ್ಬಿಸುತ್ತ, “ಇವರಿಗೆ ಹಿಂದಕ್ಕ ಹೋಗು ಅನಬಾರದ್ರಿ ಡಾಕ್ಟರ್ರ. ಹುಂಜ ಹತ್ತೇತಿ” ಎಂದ.

ಹುಂಜ ಹತ್ತುವುದು ಅಂದರೇನು ಎಂದೆ. ಮೇಸ್ತ್ರಿ ಮೊಣಕೈ ಮಡಿಚಿ, ಹಿಮ್ಮಡಿ ಎತ್ತಿ, ಮುಂಗಾಲ ಮೇಲೆ ನಾಲ್ಕು ಹೆಜ್ಜೆ ನಡೆದು ತೋರಿಸಿದ. ಜನ ಮತ್ತೆ ನಕ್ಕರು. ಒಳಗಿನ ಸುರಂಗದಲ್ಲಿ ಕಲ್ಲಿಗೆ ತೂತು ಹೊಡೆಯುವವರಲ್ಲಿ ಮೂರು ನಾಲ್ಕು ವರ್ಷ ಆದವರಿಗೆ ಕೆಲವರಿಗೆ ಹೀಗಾಗುತ್ತದಂತೆ. ಮೊದಮೊದಲು ಸುಮ್ಮಸುಮ್ಮನೆ ನಗುತ್ತಾರೆ, ಸಿಟ್ಟಾಗುತ್ತಾರೆ, ಗೊತ್ತುಗುರಿ ಇಲ್ಲದೆ ಓಡಾಡುತ್ತಾರೆ, ಆಮೇಲೆ ಮಾತು ಇಂಗುತ್ತದೆ, ಹುಂಜದ ನಡಿಗೆ ಬರುತ್ತದೆ. ಮೇಲೆ ಬಯಲಲ್ಲಿ ಕಲ್ಲು ಆರಿಸುವವರಿಗೆ ಬರುವುದಿಲ್ಲ.

ನನ್ನ ಕೈಯಲ್ಲಿದ್ದ ಸೂಜಿಯನ್ನು ಖಾದರ್ ಸಾಹೇಬರು ಮೆಲ್ಲಗೆ ತೆಗೆದುಕೊಂಡರು. ಅವರೂ ಅದನ್ನೇ ಯೋಚಿಸುತ್ತಿದ್ದರು. ಕಮಲಾಪುರದ ದುರುಗಪ್ಪ ಇಲ್ಲಿ ಕೆಲಸಕ್ಕೆ ಬರುತ್ತಿದ್ದನೇ ಎಂದು ಮೇಸ್ತ್ರಿಯನ್ನು ಕೇಳಿದೆ.

“ದುರುಗ್ಯಾ? ಐದು ವರ್ಷ ಸುರಂಗದಾಗ ಇದ್ದನಲ್ರಿ. ಭಾಳ ಗಟ್ಟಿ ಆಳು. ಹುಚ್ಚ ಹಿಡದು ಮದರಾಸಿಗೆ ಹೊತ್ತೊಯ್ದರಂತ.”

ಉಳಿದವರಿಗೆ ಖಾದರ್ ಸಾಹೇಬರೇ ಚುಚ್ಚಿದರು. ನಾನು ಬಿದ್ದವನನ್ನೂ, ಗುಡಿಸಲುಗಳಲ್ಲಿದ್ದ ಅಂಥ ಇನ್ನಿಬ್ಬರನ್ನೂ ನೋಡಿದೆ. ಮೂವರದೂ ಒಂದೇ ಮುಖ, ಒಂದೇ ನಡಿಗೆ. ಒಬ್ಬನ ಬಾಯಿಗೆ ಕಿವಿ ಹಚ್ಚಿ ಕೇಳಿದೆ. ಪಿಸುಮಾತಿನಲ್ಲಿ, ಒಂದೇ ಏರಿಳಿತದಲ್ಲಿ, ನೆಟ್ಟಗೆ ಮಾತಾಡುತ್ತಿದ್ದ. ನಗು ಬರುತ್ತದೆ, ನಗಬೇಕೆಂದು ಅಲ್ಲ, ಬಾಯಿ ತಾನೇ ನಗುತ್ತದೆ ಎಂದ. ದುರುಗಪ್ಪನ ಬಾಯಿಗೆ ನಾನು ಹತ್ತು ದಿನವೂ ಕಿವಿ ಹಚ್ಚಿರಲಿಲ್ಲ.

ಹೊಸಪೇಟೆಗೆ ಬಂದು ನನ್ನ ಹಳೆಯ ಮೇಷ್ಟ್ರಿಗೆ ಮದರಾಸಿಗೆ ಪತ್ರ ಬರೆದೆ. ಅವರು ಗ್ರಂಥಾಲಯದಲ್ಲಿ ಹುಡುಕಿಸಿ ಉತ್ತರ ಕೊಟ್ಟರು. ಬೇರೆ ದೇಶಗಳಲ್ಲಿ ಮ್ಯಾಂಗನೀಸ್ ಅರೆಯುವವರಿಗೆ ಇಂಥದ್ದೇ ಆಗಿದೆಯಂತೆ. ಧೂಳು ಶ್ವಾಸದಲ್ಲಿ ಸೇರಿ ಮೆದುಳಿನ ಬುಡಕ್ಕೆ ಇಳಿಯುತ್ತದಂತೆ. ಹಿಂದಕ್ಕೆ ನಡೆಯಲಾಗದೆ ಬೀಳುವುದು ಅದರ ಗುರುತುಗಳಲ್ಲಿ ಒಂದಂತೆ. ಧೂಳಿನಿಂದ ದೂರವಾದರೆ ಮನಸ್ಸಿನ ಗಲಿಬಿಲಿ ಕಾಲಕ್ರಮದಲ್ಲಿ ಇಳಿಯಬಹುದು, ನಡಿಗೆ ಮಾತ್ರ ಸರಿಹೋಗುವುದು ಕಷ್ಟ ಎಂದಿದ್ದರು. ಆ ಪತ್ರವನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಒಪ್ಪಿಕೊಂಡರೆ ಕೆಲಸ ಹೋದೀತು ಎಂಬ ಭಯ. ಮೂರನೆಯ ದಿನ ಬಳ್ಳಾರಿಗೆ ಹೋದೆ.

ವರದಾಚಾರ್ಯರು ನಾನು ಹೇಳಿದ್ದನ್ನೆಲ್ಲ ಕೇಳಿ, ಸರ್ಟಿಫಿಕೇಟಿನ ನಕಲು ತರಿಸಿದರು. ಮೇಲಿನ ಭಾಗ ಓದಿದರು. ಕೆಳಗಿನ ಗೀಟಿನ ಮೇಲೆ ಬೆರಳಿಟ್ಟರು.

“ಇದು ಏಕೆ ಖಾಲಿ?”

ಹೆಂಡತಿ ಒಂದು ಮಾತು ಹೇಳಿದ್ದಳು, ಮೂಢನಂಬಿಕೆ ಎಂದು ಬಿಟ್ಟೆ ಎಂದೆ. ಏನು ಹೇಳಿದ್ದಳು ಎಂದರು. ಹೇಳಿದೆ.

“ನೀವು ಅದನ್ನು ನಂಬುತ್ತೀರೋ ಇಲ್ಲವೋ ಎಂದು ಫಾರಂ ಕೇಳಿಲ್ಲ. ಆಕೆ ಏನು ಹೇಳಿದಳು ಎಂದು ಅದು ಕೇಳುತ್ತದೆ. ಎರಡು ಹೆಜ್ಜೆಗೆ ಬಿದ್ದ ಎಂಬುದು ಆಕೆ ಕಂಡದ್ದು, ದೇವರು ನೂಕಿದ ಎಂಬುದು ಆಕೆ ಕೊಟ್ಟ ಕಾರಣ. ಕಾರಣ ಬೇಡದಿದ್ದರೆ ಬಿಡಿ, ಕಂಡದ್ದನ್ನು ಏಕೆ ಬಿಟ್ಟಿರಿ?”

ನನ್ನ ಎದುರಿಗೆ ಒಂದು ಹಾಳೆ ತಳ್ಳಿ, ಈಗ ನನಗೆ ಹೇಳಿದ್ದನ್ನೇ, ಆಕೆಯ ಹೆಸರು ಹಾಕಿ ಬರೆಯಿರಿ ಎಂದರು. ಬರೆದೆ. ಅದರ ಕೆಳಗೆ ತಾವೇ ನಾಲ್ಕು ಸಾಲು ಸೇರಿಸಿ ಮದರಾಸಿಗೆ ಕಳಿಸಿದರು. ನನ್ನ ಮೇಲೆ ಏನು ಕ್ರಮ ಎಂದು ಕೇಳಿದೆ. ಆ ಹೆಂಗಸನ್ನು ನೀವೇ ಮದರಾಸಿಗೆ ಕರೆದುಕೊಂಡು ಹೋಗಬೇಕು, ಅದೇ ಕ್ರಮ ಎಂದರು. ಜೀವನದಲ್ಲಿ ನನಗೆ ಸಿಕ್ಕ ಶಿಕ್ಷೆಗಳಲ್ಲಿ ಅಂಥ ಉಪಕಾರ ಮತ್ತೊಂದಿಲ್ಲ.

ಹುಲಿಗೆವ್ವನ ಮನೆಗೆ ಹೋಗಿ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಎಮ್ಮೆಗೆ ನೀರು ಕುಡಿಸುತ್ತಿದ್ದಳು. ನೀನು ಹೇಳಿದ್ದೇ ಗುರುತು, ನಾನು ಬರೆದುಕೊಳ್ಳಲಿಲ್ಲ, ತಪ್ಪು ನನ್ನದು ಎಂದೆ. ಬೈದರೆ ಬೈಯಲಿ ಎಂದು ನಿಂತಿದ್ದೆ. ಬಕೆಟ್ಟು ಕೆಳಗಿಟ್ಟು, “ಹಂಗಂದ್ರ ಪಂಪಾಪತಿ ನೂಕಿಲ್ಲೇನ್ರಿ?” ಎಂದಳು. ಇಲ್ಲ ತಂಗಿ, ಕಲ್ಲಿನ ಧೂಳು ಮಾಡಿದ್ದು ಎಂದೆ. ಸೆರಗು ಬಾಯಿಗಿಟ್ಟುಕೊಂಡು ಅಲ್ಲೇ ಕೂತಳು. ಗಂಡ ಬರಬಹುದು ಎಂಬುದಕ್ಕಿಂತ, ದೇವರಿಗೆ ಅವನು ಬೇಡವಾಗಿರಲಿಲ್ಲ ಎಂಬುದು ಅವಳಿಗೆ ಮೊದಲು ತಲುಪಿತ್ತು.

ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಮದರಾಸಿಗೆ ಹೋದೆವು. ಅಲ್ಲಿನ ಹಿರಿಯ ವೈದ್ಯರು ಕಾಗದಗಳನ್ನೆಲ್ಲ ಮುಂದಿಟ್ಟುಕೊಂಡಿದ್ದರು. ಅವರಿಗೆ ಮೊದಲೇ ಅನುಮಾನವಿತ್ತು. ಬೆನ್ನುಹುರಿಯ ನೀರು ತೆಗೆದು ನೋಡಿಸಿದ್ದರು, ಮೈ ಬಿಗಿತದ ಬಗ್ಗೆ ಬರೆದಿಟ್ಟು ಕಾರಣ ತಿಳಿಯದು ಎಂದು ಸೇರಿಸಿದ್ದರು. “ಕೂಲಿ ಎಂದು ಬರೆದಿದ್ದೀರಿ. ಯಾವ ಕೂಲಿ, ಎಲ್ಲಿಯ ಕೂಲಿ? ಒಂದು ಪದ ಹೆಚ್ಚು ಬರೆದಿದ್ದರೆ ನಾವು ಹುಡುಕುತ್ತಿದ್ದೆವು” ಎಂದರು. ಬೇಸರದಿಂದ ಹೇಳಲಿಲ್ಲ. ಅದಕ್ಕೇ ಹೆಚ್ಚು ನಾಟಿತು.

ದುರುಗಪ್ಪನನ್ನು ಅಂಗಳಕ್ಕೆ ಕರೆತಂದರು. ಮೈ ತುಂಬಿಕೊಂಡಿದ್ದ. ನಗು ನಿಂತು ತಿಂಗಳುಗಳಾಗಿವೆ ಎಂದು ಅಲ್ಲಿನವರು ಹೇಳಿದರು. ಹೆಂಡತಿಯನ್ನು ಕಂಡ, ಮುಖದಲ್ಲಿ ಏನೂ ಅಲುಗಲಿಲ್ಲ, ಕಣ್ಣು ಮಾತ್ರ ಅವಳ ಮೇಲಿಂದ ಸರಿಯಲಿಲ್ಲ. ಹಿರಿಯ ವೈದ್ಯರು ಹಿಂದಕ್ಕೆ ನಡೆಸಿ ನೋಡುವ ಪರೀಕ್ಷೆಗೆ ಹೇಳಿದರು. ಬಿದ್ದರೆ ಹಿಡಿಯಲು ವಾರ್ಡಿನ ಆಳೊಬ್ಬ ಹಿಂದೆ ಹೋಗಿ ನಿಲ್ಲುವುದರಲ್ಲಿದ್ದ. ಹುಲಿಗೆವ್ವ ಅವನಿಗೆ ಸನ್ನೆ ಮಾಡಿ, “ನೀ ಬ್ಯಾಡಪ, ನಾ ನಿಂದರ್ತೀನಿ” ಎಂದು ತಾನೇ ಹೋಗಿ ನಿಂತಳು.

ಅವಳ ಮುಖ ನೋಡುವುದು ನನ್ನಿಂದಾಗಲಿಲ್ಲ. ಗಂಡ ಬಿದ್ದರೆ ಬಿಡುಗಡೆ, ನೆಟ್ಟಗೆ ನಡೆದರೆ ಮತ್ತೆ ಒಳಗೆ. ಹೆಂಡತಿಯಾದವಳು ಏನನ್ನು ಬೇಡಿಕೊಳ್ಳಬೇಕು?

ದುರುಗಪ್ಪ ಹೆಜ್ಜೆ ಹಿಂದಕ್ಕಿಟ್ಟ. ಒಂದು. ಎರಡನೆಯದಕ್ಕೆ ಇಡೀ ಮೈ ಕೊರಡಾಗಿ ಹಿಂದಕ್ಕೆ ವಾಲಿತು. ಅವಳು ಎರಡೂ ಕೈ ಕಂಕುಳಿಗೆ ಕೊಟ್ಟು, ಎದೆಗೆ ಆನಿಸಿಕೊಂಡು, ಭಾರಕ್ಕೆ ತಾನೂ ಮೊಣಕಾಲೂರಿ ಹಿಡಿದಳು. ಅವನ ತುಟಿ ಅಲುಗಿತು. ಈ ಸಲ ನಾನು ಬಗ್ಗಿ ಕಿವಿ ಹಚ್ಚಿದೆ.

“ಎಮ್ಮಿ ಈತೇನಲೇ?”

ಅವನನ್ನು ಹಿಡಿದೊಯ್ದಾಗ ಎಮ್ಮೆ ಗಬ್ಬವಿತ್ತಂತೆ. “ಈದು ವರ್ಷಾತು. ಹೆಣ್ಣು ಕರ” ಎಂದಳು ಹುಲಿಗೆವ್ವ, ನೆಲದ ಮೇಲೆ ಕೂತಲ್ಲಿಂದಲೇ. ಹಿರಿಯ ವೈದ್ಯರಿಗೆ ಕನ್ನಡ ಬಾರದು. ಏನೆಂದ ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಅದನ್ನೇ ಕಾಗದದಲ್ಲಿ ಬರೆದರು.

ಹೆಂಡತಿಯ ವಶಕ್ಕೆ ಕೊಡುವ ಹುಕುಂ ಆಯಿತು. ಊರಿಗೆ ಬಂದ ಮೇಲೆ ಖಾದರ್ ಸಾಹೇಬರು ಬೆಲಡೋನಾ ಹನಿ ಕಲಸಿ ಕೊಡುತ್ತಿದ್ದರು. ಬಿಗಿತ ಸ್ವಲ್ಪ ಸಡಿಲವಾಗುತ್ತಿತ್ತು, ವಾಸಿಯಾಗಲಿಲ್ಲ. ಗಣಿಯವರಿಗೆ ನಾನು ಬರೆದೆ. ತೂತು ಹೊಡೆಯುವಾಗ ನೀರು ಚಿಮುಕಿಸಿ, ಒಬ್ಬನನ್ನೇ ವರ್ಷಗಟ್ಟಲೆ ಸುರಂಗದಲ್ಲಿಡಬೇಡಿ ಎಂದು. ಉತ್ತರ ಬರಲಿಲ್ಲ. ಆದರೆ ಆ ಮೇಸ್ತ್ರಿ ತಾನಾಗಿಯೇ ಆಳುಗಳನ್ನು ಸರತಿಯ ಮೇಲೆ ಇಳಿಸತೊಡಗಿದ. ನಗು ಶುರುವಾದವರನ್ನು ತಡಮಾಡದೆ ನನ್ನ ಬಳಿ ಕಳಿಸುತ್ತಿದ್ದ. ನನ್ನಿಂದಾದದ್ದು ಅಷ್ಟೇ. ಅವನಿಂದಾದದ್ದು ಹೆಚ್ಚು.

ಆಮೇಲಿನ ವರ್ಷಗಳಲ್ಲಿ ಪದ್ಧತಿಗಳು ಬಹಳ ಬದಲಾದವು. ಸೆಳವು ಬರಿಸುವ ಸೂಜಿಗಳು ಬಂದವು, ತಲೆಗೆ ಕರೆಂಟು ಕೊಡುವುದು ಬಂತು, ನಾನು ನಿವೃತ್ತನಾಗುವ ಹೊತ್ತಿಗೆ ಮಾತ್ರೆಗಳು ಬಂದವು. ಮಾತ್ರೆಯಿಂದ ಕೈಕಾಲು ಬಿಗಿದು, ಮುಖ ಕಟ್ಟಿಕೊಂಡವರನ್ನು ಕಂಡಾಗ ನನಗೆ ದುರುಗಪ್ಪ ನೆನಪಾಗುತ್ತಿದ್ದ. ನಿಜವಾದ ಸ್ಕಿಜೋಫ್ರೇನಿಯಾ ಇದ್ದವರನ್ನೂ ಬಹಳ ಜನ ನೋಡಿದೆ. ಅವರಲ್ಲಿ ಯಾರ ರಕ್ತದಲ್ಲೂ ಅದರ ಗುರುತು ಕಾಣಲಿಲ್ಲ. ತಿಂಗಳುಗಟ್ಟಲೆ ನೋಡಿ, ಮನೆಯವರನ್ನು ಕೇಳಿ, ಬೇರೆ ಏನೂ ಅಲ್ಲವೆಂದು ಒಂದೊಂದಾಗಿ ತೆಗೆದುಹಾಕಿ, ಕೊನೆಗೆ ಅಂಜುತ್ತಲೇ ಬರೆಯುವ ಹೆಸರು ಅದು. ಫಾರಮ್ಮಿನ ಕೆಳಗಿನ ಭಾಗವನ್ನು ನಾನು ಮೊದಲು ತುಂಬುತ್ತಿದ್ದೆ. ಹೇಳಿದವರು ಹೇಳಿದಂತೆ, ಅವರ ಮಾತಿನಲ್ಲೇ. ದೇವರು, ದೆವ್ವ, ಮಾಟ, ಏನಿದ್ದರೂ. ಮೇಲಿನ ಭಾಗ ಆಮೇಲೆ.

ಹೊಸಪೇಟೆಯಿಂದ ವರ್ಗವಾಗಿ ಹೊರಡುವ ಮೊದಲು ಒಂದು ಬೆಳಿಗ್ಗೆ ಹಂಪಿಗೆ ಹೋಗಿದ್ದೆ. ಬಜಾರಿನ ಕಲ್ಲುಮಂಟಪವೊಂದರಲ್ಲಿ ಹುಲಿಗೆವ್ವ ಕಾಯಿ, ಊದಿನಕಡ್ಡಿ ಇಟ್ಟುಕೊಂಡು ಕೂರುತ್ತಿದ್ದಳು. ದುರುಗಪ್ಪ ಪಕ್ಕದಲ್ಲಿ ಕೂತು ನಿಧಾನವಾಗಿ ವೀಳ್ಯದೆಲೆ ಒರೆಸಿ ಜೋಡಿಸುತ್ತಿದ್ದ. ನನ್ನ ಜೊತೆ ಇಬ್ಬರೂ ಗುಡಿಗೆ ಬಂದರು. ಮಂಗಳಾರತಿ ಆಯಿತು. ಕೈ ಮುಗಿದೆವು. ಹಿಂದೆ ಸರಿಯುವ ಹೊತ್ತಿಗೆ ನೋಡಿದರೆ ಹುಲಿಗೆವ್ವ ಆಗಲೇ ಗಂಡನ ಬೆನ್ನ ಹಿಂದೆ ಹೋಗಿ, ಸೊಂಟದ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ತಾನು ದೇವರಿಗೆ ಕಾಣುತ್ತಿಲ್ಲವಲ್ಲ ಎಂಬ ಚಿಂತೆ ಅವಳಿಗಿದ್ದಂತೆ ತೋರಲಿಲ್ಲ. ಪೂಜಾರಿಗಳೂ ಸುಮ್ಮನೆ ದಾರಿ ಬಿಟ್ಟರು, ದಿನದ ರೂಢಿ ಎಂಬಂತೆ.

ದುರುಗಪ್ಪ ನನ್ನ ಕಡೆ ಕಣ್ಣು ಹೊರಳಿಸಿದ. ಬಗ್ಗಿ ಕಿವಿ ಕೊಟ್ಟೆ.

“ಪಂಪಾಪತಿ ಈಗ ನೂಕಂಗಿಲ್ರಿ ಡಾಕ್ಟರ್ರ. ಈಕಿನೇ ಜಗ್ಗತಾಳ.”

ಹಿಂದಿನಿಂದ ಅವಳು, “ಮಾತು ಸಾಕು, ಹೆಜ್ಜಿ ಇಡು” ಎಂದಳು.

ಒಂದು, ಎರಡು, ಮೂರು. ಹೊಸ್ತಿಲು ದಾಟಿದರು. ನಾನೂ ಅವರ ಜೊತೆ ಹಿಂದೆ ಹಿಂದೆ ನಡೆದು ಬಂದೆ. ಕೈ ದೇವರಿಗೆ ಮುಗಿದಿತ್ತು. ಕಣ್ಣು ಮಾತ್ರ ದುರುಗಪ್ಪನ ಪಾದಗಳ ಮೇಲೆಯೇ ಇತ್ತು.